ನಿಲಯದ ಯಜಮಾನರು

2023ರ ಮೇ ತಿಂಗಳಿನಲ್ಲಿ ದೆಹಲಿಯಿಂದ ಒಂದು ಆದೇಶ ಹೊರಟಿತು. ಅಂದಿನಿಂದ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿಯೂ ಬಳಸಕೂಡದು. ವಾರ್ತೆ ಓದುವವರು ಯಾವ ಭಾಷೆಯವರಾದರೂ ‘ಆಕಾಶವಾಣಿ’ ಎಂದೇ ಹೇಳಬೇಕು ಎಂಬುದು ಅದರ ಸಾರ. 1936ರಲ್ಲಿ ಲಯನೆಲ್ ಫೀಲ್ಡನ್ ಎಂಬ ಇಂಗ್ಲಿಷ್ ಅಧಿಕಾರಿ ಇರಿಸಿದ ಹೆಸರು ಹೀಗೆ ಎಂಬತ್ತೇಳು ವರ್ಷಗಳ ಸೇವೆಯಿಂದ ನಿವೃತ್ತಿ ಹೊಂದಿತು. ಅದರ ಸ್ಥಾನಕ್ಕೆ ಬಂದ ಹೆಸರಾದರೋ ಫೀಲ್ಡನ್ನನ ಹೆಸರಿಗಿಂತ ಒಂದು ವರ್ಷ ಹಿರಿಯದು, ಮತ್ತು ಹುಟ್ಟಿನಿಂದ ಮೈಸೂರಿನದು. ಕನ್ನಡಿಗರಾದ ನಾವು ಹೆಮ್ಮೆಪಟ್ಟುಕೊಳ್ಳುವುದಕ್ಕೆ ಇದು ಸಾಕು. ಆದರೆ ಹೆಸರಿನ ಗೌರವ ಹೆಚ್ಚಿದ ಈ ಕಾಲದಲ್ಲಿಯೇ ನಮ್ಮ ಊರೂರಿನ ನಿಲಯಗಳ ದನಿ ಏನಾಗುತ್ತಿದೆಯೆಂಬುದನ್ನೂ ಸ್ವಲ್ಪ ವಿಚಾರಿಸಬೇಕಾಗಿದೆ.

ಮೈಸೂರಿನ ಕಥೆ ಅನೇಕ ವಾಚಕರಿಗೆ ತಿಳಿದದ್ದೇ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರವನ್ನು ಆರಂಭಿಸಿದರು. ಮೊದಲಿನ ಯಂತ್ರದ ಶಕ್ತಿ 30 ವಾಟ್. ಇಂದು ಒಂದು ಸಾಧಾರಣ ಕೋಣೆಯ ದೀಪಕ್ಕೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಖರ್ಚೆಲ್ಲ ಬಹುಮಟ್ಟಿಗೆ ಅವರ ಕೈಯಿಂದಲೇ. ಅಧ್ಯಾಪಕನ ಸಂಬಳದಲ್ಲಿ ಇಂಥ ಸಾಹಸ ಎಷ್ಟು ದಿನ ನಡೆದೀತು? 1940ರ ದಶಕದ ಆರಂಭದಲ್ಲಿ ಅದು ಮೊದಲು ನಗರಸಭೆಯ ಆಸರೆಗೂ ಅನಂತರ ಮೈಸೂರು ಸಂಸ್ಥಾನದ ಆಡಳಿತಕ್ಕೂ ಬಂದಿತು. 1950ರ ಏಪ್ರಿಲ್ 1ರಂದು ಸಂಸ್ಥಾನಗಳ ನಿಲಯಗಳನ್ನೆಲ್ಲ ಕೇಂದ್ರವು ವಹಿಸಿಕೊಂಡಾಗ ಮೈಸೂರೂ ಅದರೊಳಗೆ ಸೇರಿತು. 1955ರ ನವೆಂಬರಿನಲ್ಲಿ ನಿಲಯವನ್ನೇ ಎತ್ತಿ ಬೆಂಗಳೂರಿಗೆ ಸಾಗಿಸಿದರು. ಇಪ್ಪತ್ತು ವರ್ಷಗಳಲ್ಲಿ ನಾಲ್ವರು ಯಜಮಾನರು, ಕೊನೆಗೆ ಮನೆಯೇ ಬೇರೆ! ಮೈಸೂರಿನವರು ತಮ್ಮ ನಿಲಯವನ್ನು ಮರಳಿ ಪಡೆಯಲು 1974ರವರೆಗೆ ಕಾಯಬೇಕಾಯಿತು. ಹೆಸರು ಮಾತ್ರ ಆ ನಡುವೆ ದೇಶವನ್ನೆಲ್ಲ ಸುತ್ತಿ ಬಂದಿತ್ತು.

ಯಜಮಾನರು ಬದಲಾದರೆ ಕೆಡುಕೇ ಆಗಬೇಕೆಂದಿಲ್ಲ. ಸಂಸ್ಥಾನವೂ ಆಮೇಲೆ ಕೇಂದ್ರವೂ ಕೈಹಿಡಿಯದಿದ್ದರೆ ಪ್ರಾಧ್ಯಾಪಕರ ಪ್ರಯತ್ನ ಒಂದು ಸೊಗಸಾದ ನೆನಪಾಗಿ ಉಳಿಯುತ್ತಿತ್ತು, ಅಷ್ಟೆ. ಪ್ರಶ್ನೆ ಇರುವುದು ಹೊಸ ಯಜಮಾನನು ಕುರ್ಚಿಯ ಮೇಲೆ ಯಾರನ್ನು ಕೂರಿಸುತ್ತಾನೆ ಎಂಬುದರಲ್ಲಿ. ಇದಕ್ಕೆ ಧಾರವಾಡಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ಇಲ್ಲ.

ಧಾರವಾಡದ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಆಗಿನ್ನೂ ಕರ್ನಾಟಕ ಒಂದಾಗಿರಲಿಲ್ಲ. ಧಾರವಾಡವೂ ಕಾರವಾರವೂ ಮುಂಬಯಿ ಪ್ರಾಂತದವು. ರಾಜ್ಯಗಳ ನಕ್ಷೆ ಬದಲಾಗುವ ಆರು ವರ್ಷ ಮೊದಲೇ ಉತ್ತರದ ಕನ್ನಡಿಗರಿಗೆ ತಮ್ಮದೇ ಮಾತಿನ ಒಂದು ನಿಲಯ ದೊರೆಯಿತು. ಸಾಹಿತಿಗಳನ್ನೂ ಸಂಗೀತಗಾರರನ್ನೂ ಸಲಹೆಗಾರರಾಗಿ, ನಿರ್ಮಾಪಕರಾಗಿ ಕರೆತರುವ ಪದ್ಧತಿ 1950ರ ದಶಕದಲ್ಲಿ ಬಂದಾಗ, ಆ ಕಟ್ಟಡದೊಳಗೆ ದ. ರಾ. ಬೇಂದ್ರೆಯವರು ಬಂದು ಕುಳಿತರು. 1956ರಿಂದ ಹತ್ತು ವರ್ಷ ಅವರು ಅಲ್ಲಿ ಸಲಹೆಗಾರರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತದ ಸಲಹೆಗಾರರು. ವಿನೋದಕ್ಕೂ ಕಾದಂಬರಿಗೂ ಹೆಸರಾದ ಎನ್ಕೆ ಅದೇ ನಿಲಯದ ನೌಕರರು. ಇವರಲ್ಲಿ ಯಾರನ್ನೂ ದೆಹಲಿಯಿಂದ ರೈಲಿನಲ್ಲಿ ಕಳುಹಿಸಬೇಕಾಗಿರಲಿಲ್ಲ. ನಿಲಯದ ಬಾಗಿಲಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದವರು. ದೆಹಲಿ ಮಾಡಿದ್ದು ಒಂದೇ ಕೆಲಸ: ಬಾಗಿಲು ತೆರೆದಿಟ್ಟಿತು.

ಇಷ್ಟು ಹೇಳಿದ ಮೇಲೆ ದೆಹಲಿಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. 1940ರ ಮಾರ್ಚಿನಲ್ಲಿ ರೇಡಿಯೋದವರು ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿದರು. ಅದರ ಸ್ವರಗಳು ವಿದೇಶೀಯ ಲೆಕ್ಕಾಚಾರದವು, ನಮ್ಮ ಗಮಕಗಳಿಗೆ ಒಗ್ಗವು ಎಂಬುದು ವಾದ. ಶಾಸ್ತ್ರದ ದೃಷ್ಟಿಯಿಂದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ನಮ್ಮ ಕಂಪನಿ ನಾಟಕಗಳ ಸಂಗೀತವೆಲ್ಲ ಕಾಲುಪೆಟ್ಟಿಗೆಯ ಮೇಲೆ ನಿಂತದ್ದು. ಹಳ್ಳಿಯ ಭಜನೆಯೂ ಅದರ ಮೇಲೆಯೇ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ, ಅಂದರೆ 1970ರ ದಶಕದ ಆರಂಭದವರೆಗೆ, ಊರಿನ ದೇವಸ್ಥಾನದಲ್ಲಿ ಗೌರವದಿಂದ ಕುಳಿತಿದ್ದ ಪೆಟ್ಟಿಗೆಗೆ ರೇಡಿಯೋದ ಬಾಗಿಲಲ್ಲಿ ಪ್ರವೇಶವಿರಲಿಲ್ಲ.

ಸಿನಿಮಾ ಹಾಡಿನ ಗತಿಯೂ ಹೀಗೆಯೇ. 1952ರಲ್ಲಿ ವಾರ್ತಾಮಂತ್ರಿಗಳಾಗಿ ಬಂದ ಬಿ. ವಿ. ಕೇಸ್ಕರರು ಸ್ವತಃ ಸಂಗೀತ ಬಲ್ಲವರು. ಆ ಕಾರಣದಿಂದಲೇ ಬಹುಶಃ ಜನರ ಕಿವಿಯನ್ನು ತಿದ್ದುವ ಹಟಕ್ಕೆ ಬಿದ್ದರು. ಚಿತ್ರಗೀತೆಗಳಿಗೆ ಮಿತಿ ಬಿತ್ತು, ಚಿತ್ರ ನಿರ್ಮಾಪಕರು ಮುನಿಸಿಕೊಂಡು ಹಾಡುಗಳ ಹಕ್ಕನ್ನೇ ಹಿಂದಕ್ಕೆ ಪಡೆದರು. ಶ್ರೋತೃಗಳು ಸಭೆ ಸೇರಲಿಲ್ಲ, ಮನವಿ ಬರೆಯಲಿಲ್ಲ. ಸುಮ್ಮನೆ ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನ್ ಹಾಕಿಕೊಂಡರು. ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಅಲ್ಲಿ ನಿಲ್ಲಿಸಿದ್ದ ಬಲವಾದ ಪ್ರೇಷಕ ಯಂತ್ರ ನಮ್ಮ ಕರಾವಳಿಗೆ ನಿರಾಯಾಸವಾಗಿ ತಲುಪುತ್ತಿತ್ತು. ಅದೇ 1952ರ ಕೊನೆಯಲ್ಲಿ ಆರಂಭವಾದ ‘ಬಿನಾಕಾ ಗೀತಮಾಲಾ’ದ ಅಮೀನ್ ಸಯಾನಿಯವರು ಮನೆಮಾತಾದರು. ಐದು ವರ್ಷ ಕಾದು ನೋಡಿದ ಸರಕಾರ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ತೆರೆಯಿತು. ಶ್ರೋತೃವಿಗೆ ಆಗ ಒಂದು ಬಲವಿತ್ತೆಂಬುದನ್ನು ಮರೆಯಬಾರದು: ರೇಡಿಯೋ ಇಟ್ಟುಕೊಂಡವನು ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಲೈಸೆನ್ಸಿನ ಹಣ ಕಟ್ಟುತ್ತಿದ್ದನು. ಆ ಲೈಸೆನ್ಸು 1980ರ ದಶಕದಲ್ಲಿ ರದ್ದಾಯಿತು. ಕಟ್ಟುವ ಹಣ ತಪ್ಪಿದ್ದು ಒಳ್ಳೆಯದೇ. ಕೇಳುವ ಹಕ್ಕೂ ಅದರ ಜೊತೆಗೇ ಸ್ವಲ್ಪ ಸಡಿಲಿತೇನೋ ಎಂದು ನನಗೆ ಅನುಮಾನ.

ಖಾಸಗಿ ಯಜಮಾನರ ಪ್ರವೇಶವಾದದ್ದು ಬೆಂಗಳೂರಿನಿಂದಲೇ. 2001ರ ಜುಲೈ 3ರಂದು ಪ್ರಸಾರ ಆರಂಭಿಸಿದ ರೇಡಿಯೋ ಸಿಟಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ. ಆರಂಭದಲ್ಲಿ ಅದರ ಬಾಯಲ್ಲಿ ಇಂಗ್ಲಿಷು, ಹಿಂದಿ, ಕನ್ನಡ ಎಲ್ಲವೂ ಕಲಸಿದ ಅನ್ನದಂತಿದ್ದವು. 2006ರಲ್ಲಿ ರೇಡಿಯೋ ಮಿರ್ಚಿ ಬಂದು ಕನ್ನಡ ಹಾಡುಗಳನ್ನೇ ನೆಚ್ಚಿ ‘ಸಖತ್ ಹಾಟ್ ಮಗಾ’ ಎಂದು ಕೂಗಿತು. ವ್ಯಾಕರಣ ಪಾಠ ಹೇಳುವ ನನ್ನಂಥವನಿಗೆ ಆ ಮೂರು ಶಬ್ದಗಳಲ್ಲಿ ಕನ್ನಡವೆಷ್ಟು ಎಂದು ಲೆಕ್ಕ ಹಾಕುವ ಚಪಲ ಬಾರದಿರದು. ಆದರೂ ಸತ್ಯವನ್ನು ಹೇಳಬೇಕು: ಸಭೆ ಮೆರವಣಿಗೆಗಳಿಂದ ಆಗದ ಕೆಲಸವನ್ನು ಜಾಹೀರಾತಿನ ಹಣ ಮಾಡಿತು; ಕನ್ನಡದಲ್ಲಿ ಲಾಭವಿದೆಯೆಂದು ಕಂಡೊಡನೆ ಮಿಕ್ಕ ನಿಲಯಗಳೂ ಆ ಕಡೆಗೆ ವಾಲಿದವು. ಲಾಭ ಇರುವವರೆಗೆ ಈ ಪ್ರೀತಿಯೂ ಇರುತ್ತದೆ. ಯಜಮಾನಿಕೆಯಂತೂ ಕೈಯಿಂದ ಕೈಗೆ ಹೋಗುತ್ತಲೇ ಇದೆ. ಸ್ಟಾರ್ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ರೇಡಿಯೋ ಸಿಟಿ ಬಂಡವಾಳದಾರರ ಕೈಯನ್ನು ಹಾದು, 2015ರ ವೇಳೆಗೆ ಉತ್ತರ ಭಾರತದ ಜಾಗರಣ್ ಪತ್ರಿಕಾ ಸಮೂಹದ ಪಾಲಾಯಿತು. ಸ್ವಂತ ವಾರ್ತೆಯನ್ನು ಓದುವ ಸ್ವಾತಂತ್ರ್ಯ ಇಂಥ ನಿಲಯಗಳಿಗೆ ದೊರೆಯಲಿಲ್ಲ; 2011ರ ನೀತಿ ಕೊಟ್ಟ ಅವಕಾಶ, ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಂತೆ ಕೇಳಿಸುವುದು ಮಾತ್ರ.

ಇದೆಲ್ಲ ಪಟ್ಟಣದ ಮಾತಾಯಿತು. ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿರುವ ಕರ್ಕಿಯಂಥ ಊರಿಗೆ ರೇಡಿಯೋ ಬೇರೆಯೇ ಪದಾರ್ಥ. ಇಲ್ಲಿಂದ ಧಾರವಾಡವೂ ಭದ್ರಾವತಿಯೂ ಹಕ್ಕಿ ಹಾರುವ ದಾರಿಯಲ್ಲಿ ಹೆಚ್ಚು ಕಡಿಮೆ 140 ಕಿಲೋಮೀಟರು. ನಡುವೆ ಸಹ್ಯಾದ್ರಿ ಅಡ್ಡ. ಮಧ್ಯಮ ತರಂಗಕ್ಕೆ ಗುಡ್ಡ ಅಷ್ಟೊಂದು ದೊಡ್ಡ ತಡೆಯಲ್ಲ. ಅದು ನೆಲವನ್ನು ಅಪ್ಪಿಕೊಂಡು ಸಾಗುತ್ತದೆ, ರಾತ್ರಿಯಾದರೆ ಮೇಲಿನ ವಾಯುಮಂಡಲಕ್ಕೆ ತಾಗಿ ಮರಳಿ ಇನ್ನೂ ದೂರ ಬೀಳುತ್ತದೆ. ಹಾಗಾಗಿ 765 ಕಿಲೋಹರ್ಟ್ಸಿನ ಧಾರವಾಡವೂ, 1965ರಲ್ಲಿ ಆರಂಭವಾದ 675 ಕಿಲೋಹರ್ಟ್ಸಿನ ಭದ್ರಾವತಿಯೂ ಘಟ್ಟ ಇಳಿದು ನಮ್ಮ ಜಗಲಿಗೆ ಬರುತ್ತಿದ್ದವು. 1976ರ ಡಿಸೆಂಬರಿನಲ್ಲಿ ಮಂಗಳೂರು ನಿಲಯ ಸೇರಿಕೊಂಡಿತು. ಎಫ್.ಎಂ. ತರಂಗದ ಸ್ವಭಾವ ಬೇರೆ. ಧ್ವನಿ ಅಚ್ಚುಕಟ್ಟು, ಗುಡುಗು ಮಿಂಚಿನ ಕರಕರೆ ಇಲ್ಲ. ಆದರೆ ಅದು ಬಹುಮಟ್ಟಿಗೆ ನೇರ ದೃಷ್ಟಿಯ ದಾರಿ ಹಿಡಿಯುವುದು. ಗುಡ್ಡದ ಮರೆಗೆ ಬಿದ್ದ ಊರು ಅದಕ್ಕೆ ಇಲ್ಲದ ಊರು. ಮಧ್ಯಮ ತರಂಗದ ಹಳೆಯ ಯಂತ್ರಗಳನ್ನು ಮುಚ್ಚಿ ಎಫ್.ಎಂ.ಗೆ ಹೋಗುವುದು ಇಂಜಿನಿಯರರ ಕಡತದಲ್ಲಿ ಕೇವಲ ತಾಂತ್ರಿಕ ಬದಲಾವಣೆ. ಘಟ್ಟದ ಕೆಳಗಿನವರಿಗೆ ಅದೇ ಯಾವ ನಿಲಯದ ಜನ ನೀವು ಎಂಬುದನ್ನು ತೀರ್ಮಾನಿಸುವ ಸಂಗತಿ. ಜಿಲ್ಲೆಯ ಸ್ವಂತ ಎಫ್.ಎಂ. ನಿಲಯವೇನೋ ಕಾರವಾರದಲ್ಲಿದೆ, ಕರ್ಕಿಗೂ ಅದಕ್ಕೂ ರಸ್ತೆಯ ಲೆಕ್ಕದಲ್ಲಿ ಸುಮಾರು 80 ಕಿಲೋಮೀಟರಿನ ಅಂತರ.

“ಈಗ ಕೈಯಲ್ಲಿ ಮೊಬೈಲು ಇದೆಯಲ್ಲ ಮಾರಾಯರೆ, ನ್ಯೂಸ್‌ಆನ್‌ಏರ್ ಹಾಕಿದರೆ ದೇಶದ ನಿಲಯಗಳೆಲ್ಲ ಸಿಗುತ್ತವೆ” ಎಂದು ವಾಚಕರು ಆಕ್ಷೇಪಿಸಬಹುದು. ನಿಜ. ಕೇಳಿಸುವುದಕ್ಕೆ ಈಗ ತೊಂದರೆಯಿಲ್ಲ. ಆದರೆ ಕೇಳಿಸುವ ನಿಲಯಗಳು ನೂರಾದರೂ ಅವುಗಳಿಂದ ಹೊರಡುವ ಕಾರ್ಯಕ್ರಮ ಒಂದೇ ಆದರೆ ಏನು ಮಾಡುವುದು? 1997ರಲ್ಲಿ ಪ್ರಸಾರ ಭಾರತಿ ಎಂಬ ಸ್ವಾಯತ್ತ ಸಂಸ್ಥೆ ಅಸ್ತಿತ್ವಕ್ಕೆ ಬಂದ ಮೇಲೆ ಕಾಯಂ ನೇಮಕ ವಿರಳವಾಯಿತು. ನಿವೃತ್ತರಾದವರ ಕುರ್ಚಿ ಖಾಲಿ. ಹಂಗಾಮಿ ಉದ್ಘೋಷಕರಿಂದ ಸಂಸಾರ ಸಾಗುತ್ತಿದೆ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಚಾನೆಲನ್ನೂ ಐದು ನಗರಗಳ ತರಬೇತಿ ಕೇಂದ್ರಗಳನ್ನೂ ಮುಚ್ಚುವ ನಿರ್ಧಾರವಾಯಿತು. ಕೆಲಸ ಕಲಿಸುವ ಕೇಂದ್ರಗಳೇ ಕಡಿಮೆಯಾದಾಗ ಚಿಕ್ಕ ನಿಲಯಕ್ಕೆ ಸುಲಭವಾದ ದಾರಿ ಯಾವುದು? ದೊಡ್ಡ ನಿಲಯದ ಕಾರ್ಯಕ್ರಮವನ್ನು ಮರುಪ್ರಸಾರ ಮಾಡುವುದು.

ಇದು ನಮ್ಮಲ್ಲಿ ಮಾತ್ರದ ವ್ಯಾಧಿಯಲ್ಲ. 1967ರ ನವೆಂಬರಿನಲ್ಲಿ ಲೆಸ್ಟರ್ ಪಟ್ಟಣದಿಂದ ಊರ ನಿಲಯಗಳನ್ನು ಆರಂಭಿಸಿದ ಬಿ.ಬಿ.ಸಿ. ಸಂಸ್ಥೆಯೇ 2023ರಲ್ಲಿ ತನ್ನ ಮೂವತ್ತೊಂಬತ್ತು ಸ್ಥಳೀಯ ನಿಲಯಗಳ ಮಧ್ಯಾಹ್ನದ ನಂತರದ ಕಾರ್ಯಕ್ರಮಗಳನ್ನು ಬಹುವಾಗಿ ಒಂದರೊಡನೊಂದು ಹಂಚಿಕೊಳ್ಳುವಂತೆ ಮಾಡಿತು. ನೌಕರರು ಮುಷ್ಕರ ಹೂಡಿದರು. ಅಮೆರಿಕದಲ್ಲಿ 1996ರ ಕಾಯಿದೆ ಒಡೆತನದ ಮಿತಿಗಳನ್ನು ಸಡಿಲಿಸಿದ ಮೇಲೆ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ 1,200ಕ್ಕೂ ಹೆಚ್ಚು ನಿಲಯಗಳನ್ನು ಕೊಂಡಿತು. ಉತ್ತರ ಡಕೋಟದ ಮೈನಟ್ ಎಂಬ ಚಿಕ್ಕ ಊರಿನಲ್ಲಿ ಅದರವೇ ಆರು ನಿಲಯಗಳು. 2002ರ ಜನವರಿ 18ರ ನಡುರಾತ್ರಿ ಕಳೆದ ಮೇಲೆ ಆ ಊರಿನ ಹೊರಗೆ ಸರಕುಗಾಡಿಯೊಂದು ಹಳಿ ತಪ್ಪಿ ಅಮೋನಿಯಾ ವಿಷದ ಮೋಡ ಊರನ್ನು ಕವಿಯಿತು. ಜನರನ್ನು ಎಚ್ಚರಿಸಲು ಪೊಲೀಸರು ನಿಲಯಕ್ಕೆ ಫೋನು ಮಾಡಿದರೆ ಎತ್ತುವವರು ಬೇಗನೆ ಸಿಗಲಿಲ್ಲ. ತುರ್ತು ಎಚ್ಚರಿಕೆಯ ಯಂತ್ರವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲವೆಂದು ಕಂಪನಿ ವಾದಿಸಿತು. ತಪ್ಪು ಯಾರದಾದರೂ ಇರಲಿ. ಆ ರಾತ್ರಿಯ ನಿಲಯದಲ್ಲಿ ಊರಿನ ಮನುಷ್ಯರು ಎಷ್ಟು ಮಂದಿ ಇದ್ದರೆಂಬ ಪ್ರಶ್ನೆ ಅಮೆರಿಕದವರನ್ನು ಬಹುಕಾಲ ಕಾಡಿತು.

ಮೈನಟ್ ಬಹಳ ದೂರದ್ದು. ಶಿರೂರು ದೂರದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಆ ಊರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿಯ ಮೇಲೂ ಗಂಗಾವಳಿ ಹೊಳೆಗೂ ಬಿತ್ತು, ಜೀವಹಾನಿಯಾಯಿತು, ಕುಮಟೆಗೂ ಅಂಕೋಲೆಗೂ ನಡುವಣ ಹೆದ್ದಾರಿ ದಿನಗಟ್ಟಲೆ ಕಡಿದುಹೋಯಿತು. ಇಂಥ ಮಳೆಯಲ್ಲಿ ವಿದ್ಯುತ್ತು ಹೋದೀತು, ಅದರ ಬೆನ್ನಿಗೆ ಮೊಬೈಲಿನ ಗೋಪುರವೂ ಮೌನ ತಾಳೀತು. ಎರಡು ಶೆಲ್ಲಿನ ಟ್ರಾನ್ಸಿಸ್ಟರಿಗೆ ಆ ಭಯವಿಲ್ಲ. ಆದರೆ ಅದರೊಳಗಿಂದ ಮಾತಾಡುವವನಿಗೆ ಯಾವ ಬಳಸುದಾರಿಯಲ್ಲಿ ಬಸ್ಸು ಓಡುತ್ತಿದೆ, ಯಾವ ಹೊಳೆಯ ನೀರು ಏರಿದೆ, ಕಾಸರಕೋಡಿನ ದೋಣಿಗಳು ಇಳಿಯಬಹುದೇ ಎಂಬುದು ಗೊತ್ತಿರಬೇಕು. ಬೆಂಗಳೂರಿನಲ್ಲಿ ಕುಳಿತವನಿಗೆ ಕಾಸರಕೋಡು ಹೊನ್ನಾವರದ್ದೋ, ಅಥವಾ ಅದೇ ಕಿವಿಗೆ ಬೀಳುವ ಕಾಸರಗೋಡೋ ಎಂಬಲ್ಲಿಂದಲೇ ಅನುಮಾನ ಆರಂಭವಾದರೆ ಆಶ್ಚರ್ಯವಿಲ್ಲ.

ಆಪತ್ತಿನ ದಿನಗಳನ್ನು ಬಿಟ್ಟು ಸುಖದ ದಿನಗಳ ಮಾತನ್ನೂ ಒಂದಿಷ್ಟು ಹೇಳಬೇಕು. ಹಾಸ್ಯಗಾರ ಮನೆತನದಿಂದ ಯಕ್ಷಗಾನಕ್ಕೆ ಹೆಸರಾದ ಊರು ಕರ್ಕಿ. ಗುಣವಂತೆಯ ಕೆರೆಮನೆಯವರು 1934ರಲ್ಲಿ ಮೇಳ ಕಟ್ಟಿದ್ದು, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಬೆಳೆದದ್ದು ಇದೇ ಹೊನ್ನಾವರದ ಸೀಮೆಯಲ್ಲಿ. ಇಡೀ ರಾತ್ರಿಯ ತಾಳಮದ್ದಲೆಯನ್ನು ಅರ್ಧ ಗಂಟೆಯ ಡಬ್ಬಿಗೆ ತುಂಬಬೇಕೆಂದು ರೇಡಿಯೋ ಕೇಳಿದಾಗ ನಮ್ಮ ಅರ್ಥಧಾರಿಗಳು ಗೊಣಗಿರಬಹುದು, ಆದರೂ ತುಂಬಿದರು. ಯಾವ ಪದ್ಯ ಬಿಡಬೇಕು, ಯಾವ ಮಾತು ಉಳಿಯಬೇಕೆಂಬುದನ್ನು ತಿಳಿದ ಕಾರ್ಯಕ್ರಮ ನಿರ್ವಾಹಕನೊಬ್ಬ ಎದುರಿಗೆ ಕುಳಿತಿದ್ದರೆ ಅದು ಸಾಧ್ಯ. ಬಡಗಿಗೂ ತೆಂಕಿಗೂ ಭೇದ ತಿಳಿಯದವನ ಕೈಗೆ ಕತ್ತರಿ ಕೊಟ್ಟರೆ ಕೌರವನ ಮಾತು ಉಳಿದು ಕೃಷ್ಣನ ಉತ್ತರ ಹಾರಿಹೋದೀತು!

ಕೇಳುಗರ ಕಾಗದಗಳಿಗೆ ಉತ್ತರ ಹೇಳುವ ‘ಪತ್ರೋತ್ತರ’ವೆಂಬ ಕಾರ್ಯಕ್ರಮ ನಮ್ಮ ನಿಲಯಗಳ ಹಳೆಯ ಪದ್ಧತಿ. ಎಷ್ಟು ಪತ್ರಗಳು ಬಂದವೆಂಬ ಲೆಕ್ಕ ಕುರ್ಚಿ ಖಾಲಿ ಬಿಡುವವರ ಮೇಜಿನವರೆಗೂ ಒಮ್ಮೊಮ್ಮೆ ಹೋಗುವುದುಂಟು. ಈ ಸಲ ಬರೆಯುವವರು ಹಾಡು ಕೋರುವುದರ ಜೊತೆಗೆ ಒಂದು ಸಾಲನ್ನು ಹೆಚ್ಚಿಗೆ ಬರೆಯಲಿ: ಜಿಲ್ಲೆಯ ಹವಾಮಾನವನ್ನು ಜಿಲ್ಲೆಯವರ ಬಾಯಿಂದಲೇ ಹೇಳಿಸಿರಿ, ಯಕ್ಷಗಾನವನ್ನು ಊಟದ ಹೊತ್ತು ಕಳೆದ ಮೇಲೆ ಹಾಕಿರಿ ಎಂದು. ರಾತ್ರಿ ಹತ್ತು ಗಂಟೆಗೆ ಹಾಕಿದರೂ ಸರಿಯೆ. ತಡವಾಯಿತೆಂದು ಕರ್ಕಿಯವರು ಯಾರೂ ದೂರು ಹೇಳುವುದಿಲ್ಲ.