ಪರದೇಶಕ್ಕೊಂದು ನ್ಯಾಯ, ಪ್ರಜೆಗಳಿಗೊಂದು ನ್ಯಾಯ

ಮಾಂಸಾಹಾರವು ಯುಕ್ತವೋ ಅಯುಕ್ತವೋ ಎಂಬ ವಾದಕ್ಕೆ ನಾವು ಈ ದಿವಸ ಕೈಹಾಕುವುದಿಲ್ಲ. ತಿನ್ನುವವರು ತಿನ್ನುತ್ತಲೇ ಇದ್ದಾರೆ. ನಮ್ಮ ಪ್ರಜಾವರ್ಗದಲ್ಲಿ ಅವರ ಸಂಖ್ಯೆ ಅಲ್ಪವೂ ಅಲ್ಲ. ಅವರು ಹಣ ತೆತ್ತು ಕೊಳ್ಳುವ ಪದಾರ್ಥವು ರೋಗರಹಿತವಾದುದೆಂದು ಹೇಳತಕ್ಕವರು ಯಾರು? ನಮ್ಮ ಪ್ರಶ್ನೆ ಇಷ್ಟೆ.

ಪರದೇಶಕ್ಕೆ ಹೋಗುವ ಮಾಂಸದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವು ಸಿದ್ಧವಾಗಿದೆ. 2023-24ನೆಯ ಸಾಲಿನಲ್ಲಿ ಈ ದೇಶದಿಂದ 30,000 ಕೋಟಿ ರೂಪಾಯಿಗಳಿಗೂ ಮಿಕ್ಕ ಬೆಲೆಯ ಎಮ್ಮೆ ಮಾಂಸವು ಹೊರಕ್ಕೆ ಹೋಯಿತು. ಅದು ಅಪೆಡಾ ಎಂಬ ಕೇಂದ್ರ ಸರ್ಕಾರದ ಪ್ರಾಧಿಕಾರದಲ್ಲಿ ನೋಂದಾಯಿತವಾದ ಕಾರ್ಖಾನೆಗಳಿಂದಲೇ ಹೊರಡಬೇಕು. ಕೊಲ್ಲುವುದಕ್ಕೆ ಮೊದಲೊಮ್ಮೆ, ಕೊಂದ ಬಳಿಕ ಮತ್ತೊಮ್ಮೆ ಪಶುವೈದ್ಯರು ಪರೀಕ್ಷಿಸಬೇಕು. ಅವರ ಸರ್ಟಿಫಿಕೇಟಿಲ್ಲದೆ ಸರಕು ಹಡಗನ್ನೇರದು. ಕೊಳ್ಳುವ ದೇಶದ ಅಧಿಕಾರಿಗಳು ತಾವೇ ಬಂದು ಕಾರ್ಖಾನೆಯನ್ನು ನೋಡಿಹೋಗುವುದೂ ಉಂಟು.

ನಮ್ಮವರ ಊಟದ ಎಲೆಗೆ ಬೀಳುವುದಕ್ಕೂ ಕಾನೂನಿಲ್ಲವೆಂದಲ್ಲ. 2001ರ ಕಸಾಯಿಖಾನೆ ನಿಯಮಗಳ ಮೇರೆಗೆ ಪ್ರಾಣಿಗೆ ಮುಂಚಿತವಾಗಿ 24 ಗಂಟೆಗಳ ವಿಶ್ರಾಂತಿ ಕೊಡಬೇಕು. ಗಬ್ಬದ ಪ್ರಾಣಿಯನ್ನು ಕೊಲ್ಲಕೂಡದು. ಒಬ್ಬ ವೈದ್ಯನು ಗಂಟೆಗೆ 12, ದಿನಕ್ಕೆ 96 ಪ್ರಾಣಿಗಳಿಗಿಂತ ಹೆಚ್ಚಾಗಿ ಪರೀಕ್ಷಿಸಕೂಡದು. ಓದಿದರೆ ಸಂತೋಷವಾಗುತ್ತದೆ. ಆದರೆ ನಾವು ಕಂಡ ಹಲವು ಊರುಗಳಲ್ಲಿ ಗಂಟೆಗೆ ಹನ್ನೆರಡರ ಮಾತು ಹಾಗಿರಲಿ, ವೈದ್ಯನ ಮುಖವೇ ಕಾಣದು. ಚರಂಡಿಯ ಪಕ್ಕದಲ್ಲಿಯೇ ಕೊಯ್ದು, ಧೂಳಿಗೆ ನೇತುಹಾಕಿ ಮಾರುತ್ತಾರೆ. ಮೇಲಾಗಿ, ದಿನಕ್ಕೆ ಹತ್ತಕ್ಕಿಂತ ಕಡಿಮೆ ಪ್ರಾಣಿಗಳನ್ನು ಕೊಲ್ಲುವ ಸ್ಥಳವು ಆ ನಿಯಮಗಳ ಅರ್ಥದಲ್ಲಿ ಕಸಾಯಿಖಾನೆಯೇ ಅಲ್ಲ. 2011ರ ಆಹಾರ ಸುರಕ್ಷತಾ ವಿಧಿಗಳಾದರೂ ಹತ್ತು ಕುರಿಗಳವರೆಗೆ ಕೊಯ್ಯುವವನು ಹೆಸರು ನೋಂದಾಯಿಸಿದರೆ ಸಾಕೆಂದವು. ಊರಿನ ಸಾಮಾನ್ಯ ಅಂಗಡಿಯು ಈ ಹತ್ತರೊಳಗೇ ಅಡಗಿದೆ.

ಇದು ತಿನ್ನುವವರ ಪಾಡೆಂದು ಶಾಕಾಹಾರಿ ಮಹನೀಯರು ಸುಮ್ಮನಿರಬಾರದು. ಕುರಿಯ ಪಿತ್ತಜನಕಾಂಗದಲ್ಲಿಯೂ ಶ್ವಾಸಕೋಶದಲ್ಲಿಯೂ ನೀರುಗುಳ್ಳೆಗಳಿರುವುದುಂಟು. ವೈದ್ಯನಿದ್ದರೆ ಅವನ್ನು ಬೇರ್ಪಡಿಸಿ ನಾಶಪಡಿಸುತ್ತಾನೆ. ವೈದ್ಯನಿಲ್ಲದ ಕಡೆ ಅವು ಬೀದಿನಾಯಿಯ ಪಾಲು. ನಾಯಿಯ ಕರುಳಿನಲ್ಲಿ ಅವೇ ಹುಳುಗಳಾಗಿ ಬೆಳೆದು, ಅವುಗಳ ಮೊಟ್ಟೆಗಳು ಮಲದೊಡನೆ ಹೊರಬಿದ್ದು, ಮಣ್ಣು, ನೀರು, ಸೊಪ್ಪುಗಳ ಮೂಲಕ ಮನುಷ್ಯರ ಹೊಟ್ಟೆಯನ್ನು ಸೇರುತ್ತವೆ. ಮಾಂಸವನ್ನು ಕಣ್ಣಿನಿಂದಲೂ ನೋಡದ ಮನೆಯ ಮಗುವಿಗೂ ಆ ಗುಳ್ಳೆಗಳಾಗಬಹುದು. ಕೆಲವು ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ನಮ್ಮ ಶಾಸನಸಭೆಯು 1964ರಲ್ಲಿಯೂ 2020ರಲ್ಲಿಯೂ ಯಾವ ಪಶುವನ್ನು ಕೊಲ್ಲಬಾರದೆಂಬ ಬಗ್ಗೆ ಕಾನೂನು ಮಾಡಿತು. ಕೊಲ್ಲಬಹುದಾದುದನ್ನು ಶುಚಿಯಾಗಿ ಕೊಲ್ಲಿಸುವ ವಿಷಯದಲ್ಲಿ ಅಂಥ ಉತ್ಸಾಹವನ್ನು ನಾವು ಕಾಣೆವು. ಪ್ರತಿಯೊಂದು ರಾಜ್ಯವೂ ಮೇಲ್ವಿಚಾರಣಾ ಸಮಿತಿಯನ್ನು ರಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಆಜ್ಞಾಪಿಸಿತು. ಸಮಿತಿಯು ನೀರು ಹೊರುವುದಿಲ್ಲ, ನೆಲ ತೊಳೆಯುವುದಿಲ್ಲ.

ಹಾಗೆಂದು ಒಂದು ಮುಂಜಾನೆ ಪೋಲೀಸಿನವರನ್ನು ಕಳುಹಿಸಿ ಅಂಗಡಿಗಳಿಗೆ ಬೀಗ ಹಾಕಿಸುವುದು ನಮಗೆ ಒಪ್ಪಿಗೆಯಿಲ್ಲ. 2017ರಲ್ಲಿ ಉತ್ತರ ಪ್ರದೇಶದ ಸರ್ಕಾರವು ಇದನ್ನೇ ಮಾಡಿತು. ಬಡ ಕಟುಕರು ಜೀವನೋಪಾಯವನ್ನು ಕಳೆದುಕೊಂಡು ಹೈಕೋರ್ಟಿನ ಬಾಗಿಲು ತಟ್ಟಿದರು. ಕಸಾಯಿಖಾನೆಯ ಅನುಕೂಲತೆಯನ್ನು ಕಲ್ಪಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆಯೆಂದು ನ್ಯಾಯಾಲಯವು ಸರ್ಕಾರಕ್ಕೆ ನೆನಪಿಸಬೇಕಾಯಿತು. ರಾಜ್ಯಾಂಗದ ಹನ್ನೆರಡನೆಯ ಅನುಸೂಚಿಯೂ ಈ ಕೆಲಸವನ್ನು ಪುರಸಭೆಗಳ ಬಾಬೆಂದೇ ಎಣಿಸಿದೆ. ಸುಂಕ ವಸೂಲು ಮಾಡುವವರು ನಲ್ಲಿಯೊಂದನ್ನು ಹಾಕಿಸದೆ, ನೀರಿಲ್ಲದೆ ಕೊಯ್ದವನಿಗೆ ದಂಡ ವಿಧಿಸುವುದು ಯಾವ ಧರ್ಮ?

ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಧಾರಾಳವಾದ ನೀರು, ಇಳಿಜಾರು ಕಲ್ಲುನೆಲ, ಮಾಂಸ ನೇತುಹಾಕಲು ಕೊಕ್ಕೆಗಳು, ನಾಯಿ ನುಗ್ಗದ ಗೋಡೆ, ಬೆಳಗಿನ ಜಾವ ಹಾಜರಿರುವ ಪಶುವೈದ್ಯ, ಇಷ್ಟಿರುವ ಒಂದೊಂದು ಸಣ್ಣ ಕಸಾಯಿಖಾನೆಯನ್ನು ಮೊದಲು ಕಟ್ಟಿಸಲಿ. ಅಲ್ಲಿಗೆ ಬಂದು ಕೊಯ್ಯಲು ಅಂಗಡಿಯವರಿಗೆ ಒಂದು ವರ್ಷದ ಅವಧಿಯನ್ನು ಕೊಟ್ಟು, ಆ ಮೇಲೆ ಹತ್ತರ ವಿನಾಯಿತಿಯನ್ನು ತೆಗೆದುಹಾಕಲಿ. ಮುಂದಿನ ಆಯವ್ಯಯದ ಪಟ್ಟಿಯನ್ನು ತಯಾರಿಸುತ್ತಿರುವ ಪುರಸಭಾಧ್ಯಕ್ಷರು ಇದಕ್ಕೆ ಎಷ್ಟು ಹಣ ತೆಗೆದಿರಿಸಿದ್ದಾರೆಂಬುದನ್ನು ಆಯಾ ಊರಿನ ಮಹಾಜನರು ಸಭೆಯಲ್ಲಿಯೇ ಕೇಳಲಿ.