ಬಣ್ಣ ಒಣಗಿದ ಮೇಲೂ ಉಳಿಯುವ ವಾಸನೆ

ಚೌತಿ ಹತ್ತಿರವಾದಂತೆ ಮಲೆನಾಡಿನ ಮನೆಗಳಲ್ಲಿ ಹಳೆಯ ಮರದ ಸಾಮಾನುಗಳಿಗೆ ಹೊಸ ಬಣ್ಣ ಬೀಳುತ್ತದೆ. ಗಣಪತಿ ಕೂರುವ ಪೀಠ, ಜಗಲಿಯ ಬೆಂಚು, ಒಳಕೋಣೆಯ ಕಪಾಟು, ಬಾಣಂತಿ ಇರುವ ಮನೆಯಾದರೆ ತೊಟ್ಟಿಲು. ಮಳೆ ಬಿಡುವು ಕೊಡದ ಕಾರಣ ಈ ಕೆಲಸವೆಲ್ಲ ಬಾಗಿಲು ಮುಚ್ಚಿದ ಕೋಣೆಯೊಳಗೇ ನಡೆಯುತ್ತದೆ. ಹಬ್ಬ ಮುಗಿದು ಗಣಪತಿ ನೀರು ಸೇರಿದ ಮೇಲೂ ಬಣ್ಣದ ವಾಸನೆ ಮನೆ ಬಿಟ್ಟು ಹೋಗುವುದಿಲ್ಲ. ವಿಗ್ರಹದ ಬಣ್ಣ ಕೆರೆಯ ನೀರನ್ನು ಹೇಗೆ ಕೆಡಿಸುತ್ತದೆ ಎಂಬುದರ ಕುರಿತು ಪರಿಸರಾಸಕ್ತರು ಬಹುಕಾಲದಿಂದ ಮಾತನಾಡುತ್ತ ಬಂದಿದ್ದಾರೆ. ಪೀಠದ ಬಣ್ಣ ಮನೆಯ ಗಾಳಿಯನ್ನು ಹೇಗೆ ಕೆಡಿಸುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಮೂಗಿಗೆ ತಾಗುವ ವಾಸನೆಯೆಂದರೆ ಬಣ್ಣದಿಂದ ಹೊರಟು ಗಾಳಿಗೆ ಸೇರಿದ ರಾಸಾಯನಿಕವೇ. ಎನಾಮಲ್ ಬಣ್ಣವನ್ನು ತೆಳುಮಾಡಲು ಪೆಟ್ರೋಲಿಯಂನಿಂದ ತೆಗೆದ ಟರ್ಪೆಂಟೈನ್ ಬೆರೆಸುತ್ತಾರೆ; ಕೆಲವು ಥಿನ್ನರುಗಳಲ್ಲಿ ಟಾಲ್ವೀನ್, ಕ್ಸೈಲೀನ್‌ಗಳೂ ಇರುತ್ತವೆ. ಇದರ ಬಹುಪಾಲು ಮೊದಲ ದಿನವೇ ಆವಿಯಾಗುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಕ್ರಿಯೆ ನಿಧಾನವಾಗಿ ಸಾಗುತ್ತದೆ. ಬಣ್ಣದಲ್ಲಿರುವ ಎಣ್ಣೆಯ ಅಂಶ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ, ಆಗ ಆಲ್ಡಿಹೈಡ್ ಎಂಬ ಗುಂಪಿನ ವಸ್ತುಗಳು ಬಿಡುಗಡೆಯಾಗುತ್ತವೆ. ಕೈಗೆ ಅಂಟದಷ್ಟು ಒಣಗಿದ ಕಪಾಟೂ ವಾರಗಟ್ಟಲೆ ಕಮಟು ಎಣ್ಣೆಯಂತೆ ನಾರುವುದು ಇದರಿಂದ. ಮಳೆಗಾಲದ ತಂಪು ಮತ್ತು ತೇವ ಈ ಎರಡು ಕ್ರಿಯೆಗಳನ್ನೂ ತಡಮಾಡುತ್ತವೆ. ಮೊದಲ ಕೋಟು ಒಣಗುವ ಮುನ್ನವೇ ಹಬ್ಬದ ಅವಸರದಲ್ಲಿ ಎರಡನೆಯದನ್ನು ಬಳಿದರೆ ದ್ರಾವಕವು ಎರಡು ಪದರಗಳ ನಡುವೆ ಸಿಕ್ಕಿಕೊಂಡು ತಿಂಗಳಾದರೂ ಹೊರಬರುತ್ತಲೇ ಇರುತ್ತದೆ.

ವಾಸನೆ ಹೋಗಲೆಂದು ಜನ ಮಾಡುವ ಉಪಾಯಗಳಲ್ಲಿ ಹೆಚ್ಚಿನವು ಮೂಗಿಗೆ ಸಮಾಧಾನ ಹೇಳುವಂಥವು. ಹೆಚ್ಚಿದ ಈರುಳ್ಳಿಯನ್ನು ಕೋಣೆಯಲ್ಲಿಟ್ಟರೆ ಈರುಳ್ಳಿಯ ವಾಸನೆಯೂ ಸೇರಿಕೊಳ್ಳುತ್ತದೆ, ಅಷ್ಟೆ. ಬಕೆಟ್ಟಿನಲ್ಲಿ ನೀರಿಟ್ಟು ಫಲವಿಲ್ಲ, ಏಕೆಂದರೆ ಟರ್ಪೆಂಟೈನ್ ನೀರಿನಲ್ಲಿ ಕರಗುವುದಿಲ್ಲ. ಒಲೆಯ ಇದ್ದಿಲು ಅಲ್ಪಸ್ವಲ್ಪ ಹೀರಬಲ್ಲದು. ಗಾಳಿ ಮಾಡುವ ಕೆಲಸವನ್ನು ಅದು ಮಾಡಲಾರದು. ಧೂಪ, ಊದುಬತ್ತಿಗಳಂತೂ ಇರುವ ಆವಿಯ ಮೇಲೆ ಹೊಗೆಯನ್ನೂ ಸೇರಿಸುತ್ತವೆ. ಈಗಷ್ಟೇ ಬಣ್ಣ ಬಳಿದ ಮುಚ್ಚಿದ ಕೋಣೆಯಲ್ಲಿ ಕೆಂಡ ತಂದಿಡುವುದು ಬೆಂಕಿಗೆ ಆಹ್ವಾನವೂ ಹೌದು.

ಮದ್ದು ಗಾಳಿ ಮತ್ತು ಕಾಲ. ಎದುರುಬದುರಾದ ಬಾಗಿಲು ಕಿಟಕಿಗಳನ್ನು ತೆರೆದಿಟ್ಟರೆ ಗಾಳಿ ಒಂದೆಡೆ ಬಂದು ಇನ್ನೊಂದೆಡೆ ಹೋಗುತ್ತದೆ. ಒಂದೇ ಕಿಟಕಿ ತೆರೆದರೆ ಈ ಚಲನೆ ಸಾಲದು. ಫ್ಯಾನ್ ಇದ್ದಲ್ಲಿ ಅದನ್ನು ಕಿಟಕಿಯ ಹೊರಮುಖಕ್ಕೆ ತಿರುಗಿಸಿಡಬೇಕು. ಸಾಗಿಸಬಹುದಾದ ಸಾಮಾನನ್ನು ಇರಚಲು ತಾಗದ ಜಗಲಿಯಲ್ಲೋ ಕೊಟ್ಟಿಗೆಯ ಮಾಡಿನಡಿಯಲ್ಲೋ ಇಟ್ಟು ಬಳಿಯುವುದು ಒಳ್ಳೆಯದು. ಹಸಿ ಬಣ್ಣವನ್ನು ಸುಡುಬಿಸಿಲಿಗೆ ಹಿಡಿದರೆ ಗುಳ್ಳೆ ಏಳುತ್ತದೆ. ನಾಲ್ಕು ದಿನ ನೆರಳಿನಲ್ಲಿ ಒಣಗಿಸಿ ಬಳಿಕ ಎಳೆಬಿಸಿಲು ತೋರಿಸಿದರೆ ವಾಸನೆ ಬೇಗ ಕಳೆಯುತ್ತದೆ. ಕಪಾಟಿನ ಬಾಗಿಲು, ಮೇಜಿನ ಸೆಳೆಖಾನೆಗಳು ತೆರೆದೇ ಇರಲಿ. ಕಪಾಟಿನ ಒಳಮೈಗೆ ಎನಾಮಲ್ ಬಳಿಯುವ ಪದ್ಧತಿಯನ್ನೇ ಬಿಡುವುದು ಲೇಸು. ಈ ಆವಿ ಜಿಡ್ಡಿನಲ್ಲಿ ಸುಲಭವಾಗಿ ಕರಗುವುದರಿಂದ ಅಂಥ ಕಪಾಟಿನಲ್ಲಿಟ್ಟ ತುಪ್ಪ, ಬೆಣ್ಣೆ, ಕೊಬ್ಬರಿಗಳೇ ಮೊದಲು ಕೆಡುತ್ತವೆ.

ಒಳಗೇ ಕುಳಿತವರ ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿಹೋಗುತ್ತದೆ. ವಾಸನೆ ಹೋಯಿತೇ ಎಂದು ಹೊರಗಿನಿಂದ ಬಂದವರನ್ನು ಕೇಳಬೇಕು. ತಲೆನೋವು, ಕಣ್ಣುರಿ, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೇ ಹೊರಗಿನ ಗಾಳಿಗೆ ಬರಬೇಕು. ಕೂಸು, ಗರ್ಭಿಣಿ, ಉಬ್ಬಸದವರು ವಾಸನೆ ಪೂರ್ಣ ಹೋಗುವವರೆಗೆ ಬೇರೆ ಕೋಣೆಯಲ್ಲಿ ಮಲಗುವುದೇ ಸರಿ. ನಾಮಕರಣಕ್ಕೆಂದು ತೊಟ್ಟಿಲಿಗೆ ಹಿಂದಿನ ವಾರ ಬಣ್ಣ ಬಳಿಯುವ ರೂಢಿ ನಿಲ್ಲಬೇಕಾದದ್ದು. ವರ್ಷವಿಡೀ ಇದೇ ಗಾಳಿಯನ್ನು ಉಸಿರಾಡುವ ಪೈಂಟರನ ಪಾಡನ್ನೂ ನೆನೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಣ್ಣ ಬಳಿಯುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕವೆಂದು 1989ರಲ್ಲಿ ವರ್ಗೀಕರಿಸಿತು. ಕಿಟಕಿ ತೆರೆದಿಡಲು ಅವನು ಕೇಳಿದಾಗ ಇರಚಲು ಬರುತ್ತದೆಂದು ಮನೆಯವರು ಗೊಣಗುವುದು ತರವಲ್ಲ.

ವಾಸನೆಯೇ ಇಲ್ಲದ ಅಪಾಯವೂ ಒಂದಿದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಅದಕ್ಕೂ ಹಿಂದೆ ಬಳಿದ ಹಳದಿ, ಕೆಂಪು, ಹಸಿರು ಎನಾಮಲ್ ಪದರಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಅಜ್ಜನ ಕಾಲದ ಮಂಚವನ್ನು ಒಣಗಿದಂತೆಯೇ ಮರಳುಕಾಗದದಿಂದ ತಿಕ್ಕಿದರೆ ಆ ಧೂಳು ನೆಲಕ್ಕಿಳಿದು, ತೆವಳುವ ಮಗುವಿನ ಕೈಯಿಂದ ಬಾಯಿಗೆ ಸೇರುತ್ತದೆ. ನೀರಿನಿಂದ ಒದ್ದೆಮಾಡಿ, ಕೆಳಗೆ ಹಳೆಯ ಹಾಳೆ ಹಾಸಿ, ಮಕ್ಕಳನ್ನು ದೂರವಿಟ್ಟು ತಿಕ್ಕಬೇಕು. ಹಳೆಯ ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯಲೇಬಾರದು.

ಅಷ್ಟಕ್ಕೂ ಬಣ್ಣ ಬೇಕೇ? ಹಲಸಿನ ಮರ ವರ್ಷ ಕಳೆದಂತೆ ತಾನೇ ಕೆಂಪಗೆ ತಿರುಗುತ್ತದೆ. ಅದರ ಮೇಲೆ ಎನಾಮಲ್ ಬಳಿಯುವುದು ಅಂದದ ದೃಷ್ಟಿಯಿಂದಲೂ ನಷ್ಟವೇ. ಅಗಸೆ ಎಣ್ಣೆ ಉಜ್ಜಬಹುದು. ಅದಕ್ಕೂ ಕೆಲ ದಿನ ವಾಸನೆಯುಂಟು, ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಬೇಕು. ಬಣ್ಣವೇ ಬೇಕೆನ್ನುವವರಿಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಗಳಿವೆ. ಅವುಗಳ ವಾಸನೆ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಯಾವುದನ್ನು ಬಳಸಿದರೂ ಕೆಲಸವನ್ನು ಮಳೆ ಹಿಂದೆ ಸರಿದ ಮೇಲೆ, ಅಡಿಕೆ ಕೊಯ್ಲಿನ ಒಣಹವೆಗೆ ಇಟ್ಟುಕೊಳ್ಳುವುದು ಜಾಣತನ.

ಬ್ರಷ್ ತೊಳೆದ ಟರ್ಪೆಂಟೈನನ್ನು ತೋಟದ ಕಪ್ಪಿಗೆ ಸುರಿದರೆ ಅದು ಹಳ್ಳವನ್ನೇ ಸೇರುತ್ತದೆ. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಕೆಲವು ದಿನ ಅಲುಗಿಸದೆ ಇಟ್ಟರೆ ಬಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿದು ಮುಂದಿನ ಬಾರಿಗೆ ಬಳಸಬಹುದು. ಬಾಟಲಿಯ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಎಟುಕದೆಡೆ, ಒಲೆಯಿಂದ ದೂರ ಇಡಬೇಕು.