ತಡೆದ ಕಡತಕ್ಕೆ ಅಡ್ಡದಾರಿ ತರವೇ?

ಇ-ಮೇಲ್‌ಗೆ ಲಗತ್ತಿಸಿದ ಕಡತವನ್ನು ಜಿಮೇಲ್ ನಿರಾಕರಿಸಿದರೆ ಕಚೇರಿಗಳಲ್ಲಿ ಮೊದಲು ಹುಡುಕುವುದು ಅಡ್ಡದಾರಿಯನ್ನೇ. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ಬದಲಿಸುವುದು, ಜಿಪ್ ಮಾಡಿ ಪಾಸ್‌ವರ್ಡ್ ಹಾಕುವುದು ಇವುಗಳಲ್ಲಿ ಪ್ರಮುಖ. ಆದರೆ ಈ ತಡೆ ಸುಮ್ಮನೆ ಬಂದದ್ದಲ್ಲ.

2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವೈರಸ್, ಪ್ರೇಮಪತ್ರದ ವೇಷದಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಹೊಕ್ಕಿತು. ವಾಸ್ತವವಾಗಿ ಅದು 'ವಿಬಿಎಸ್' ಮಾದರಿಯ ಪ್ರೋಗ್ರಾಂ. ಹೆಸರಿನ ಕೊನೆಯ ಅಕ್ಷರಗಳನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಸಾದಾ ಪಠ್ಯದಂತೆ ಕಂಡಿತು. ಅದೇ ವರ್ಷ ಮೈಕ್ರೋಸಾಫ್ಟ್, ಔಟ್‌ಲುಕ್‌ನಲ್ಲಿ ಇಂತಹ ಕಡತಗಳನ್ನು ತಡೆಯುವ ವ್ಯವಸ್ಥೆ ತಂದಿತು. 'ಇಎಕ್ಸ್‌ಇ' ಕಡತಗಳನ್ನು ಮೊದಲೇ ತಡೆಯುತ್ತಿದ್ದ ಜಿಮೇಲ್, 2017ರ ಫೆಬ್ರುವರಿಯಲ್ಲಿ ಜಾವಾಸ್ಕ್ರಿಪ್ಟ್ ಕಡತಗಳನ್ನೂ ಪಟ್ಟಿಗೆ ಸೇರಿಸಿತು. ಜಿಪ್ ಒಳಗಿದ್ದರೂ ವಿನಾಯಿತಿ ಇಲ್ಲ.

ಪಾಸ್‌ವರ್ಡ್ ಹಾಕಿದ ಜಿಪ್ ಅನ್ನು ತೆರೆದು ಪರೀಕ್ಷಿಸುವುದು ವೈರಸ್ ತಪಾಸಣಾ ತಂತ್ರಾಂಶಕ್ಕೆ ಸಾಮಾನ್ಯವಾಗಿ ಸಾಧ್ಯವಾಗದು. 2020ರಲ್ಲಿ 'ಎಮೊಟೆಟ್' ಹರಡಿದವರು ಬಳಸಿಕೊಂಡದ್ದು ಇದನ್ನೇ. ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆದು ಕಳುಹಿಸುತ್ತಿದ್ದರು. ಸಹೋದ್ಯೋಗಿಗಳೇ ದಿನವೂ ಇಂತಹ ಜಿಪ್ ಕಳುಹಿಸುವ ಕಚೇರಿಯಲ್ಲಿ ವಂಚಕನ ಜಿಪ್ ಯಾರಲ್ಲೂ ಅನುಮಾನ ಹುಟ್ಟಿಸದು. ಅಡ್ಡದಾರಿಯ ನಿಜವಾದ ಅಪಾಯ ಈ ರೂಢಿಯಲ್ಲಿದೆ.

ಕಡತ ಸುರಕ್ಷಿತವೆಂಬ ಖಾತ್ರಿಯಿದ್ದರೆ ಅದನ್ನು ಡ್ರೈವ್‌ನಲ್ಲಿಟ್ಟು ಕೊಂಡಿ ಕಳುಹಿಸಿ ಎನ್ನುತ್ತದೆ ಗೂಗಲ್. ಸಂಬಂಧಪಟ್ಟವರಿಗೆ ಮಾತ್ರ ಅನುಮತಿ ನೀಡಬಹುದು, ಕೆಲಸ ಮುಗಿದ ಮೇಲೆ ಹಿಂಪಡೆಯಲೂಬಹುದು. ಕೊಂಡಿಯ ಹೆಸರಿನಲ್ಲೂ ವಂಚನೆ ನಡೆಯುತ್ತದೆ, ನಿಜ. ಆದ್ದರಿಂದ ಕಳುಹಿಸುವ ಮುನ್ನ ಒಂದು ದೂರವಾಣಿ ಕರೆ ಮಾಡುವುದು ಎರಡೂ ಕಡೆಯವರಿಗೆ ಕ್ಷೇಮ.